ಪರೀಕ್ಷೆ ಮುಗಿದರೂ ಮುಗಿಯದ ಭಯ

ಮನೆಮಂದಿಯೆಲ್ಲ ಕೂಡಿ ರೇಡಿಯೋ ಕೇಳುವ ಹೊತ್ತಿನಲ್ಲಿ ಎತ್ತುವುದಕ್ಕೆ ತುಸು ಸಂಕೋಚವಾಗುವ ವಿಷಯ ಇದು. ಆದರೆ ಈ ಸಂಕೋಚವೇ ನಾನು ಹೇಳಹೊರಟಿರುವ ಕಾಯಿಲೆಯ ಅರ್ಧ ಬಂಡವಾಳ. ಆದ್ದರಿಂದ ಅದನ್ನು ಬದಿಗಿಟ್ಟು ಮಾತನಾಡಲು ಕೇಳುಗರ ಅನುಮತಿ ಬೇಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಒಂದು ಸಂಜೆ, ಕಡೆಯ ರೋಗಿಯೂ ಎದ್ದುಹೋದ ಮೇಲೆ, ಇಪ್ಪತ್ತೆಂಟು ಇಪ್ಪತ್ತೊಂಬತ್ತರ ವಯಸ್ಸಿನ ತರುಣರೊಬ್ಬರು ನನ್ನ ಚಿಕಿತ್ಸಾಲಯದೊಳಕ್ಕೆ ಬಂದರು. ಓದಿದವರು, ಒಳ್ಳೆಯ ಉದ್ಯೋಗದಲ್ಲಿದ್ದವರು. ಉಳಿದವರೆಲ್ಲ ಹೋಗಲೆಂದೇ ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದು ಕಾದಿದ್ದರೆಂದು ಆಮೇಲೆ ತಿಳಿಯಿತು. ಕುಳಿತವರೇ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು. ಅದರಲ್ಲಿ ಒಂಬತ್ತು ರಕ್ತಪರೀಕ್ಷೆಯ ವರದಿಗಳಿದ್ದವು; ಬೇರೆ ಬೇರೆ ಊರಿನ ಪ್ರಯೋಗಾಲಯಗಳವು, ಎರಡರಲ್ಲಿ ಹೆಸರೂ ಬೇರೆ. ಒಂಬತ್ತೂ ಹೇಳುತ್ತಿದ್ದುದು ಒಂದೇ ಮಾತನ್ನು: ಎಚ್.ಐ.ವಿ. ಸೋಂಕು ಇಲ್ಲ.

"ಎಲ್ಲ ಸರಿಯಾಗಿದೆಯಲ್ಲ, ಇನ್ನೇನು?" ಎಂದೆ.

"ಸಾರ್, ಒಂಬತ್ತೂ ತಪ್ಪಾಗಿದ್ದರೆ?" ಎಂದರು.

ನಡೆದದ್ದು ಇಷ್ಟು. ಹದಿನಾಲ್ಕು ತಿಂಗಳ ಹಿಂದೆ ಕೆಲಸದ ನಿಮಿತ್ತ ಬೇರೊಂದು ನಗರಕ್ಕೆ ಹೋಗಿದ್ದಾಗ, ಒಂದು ರಾತ್ರಿ, ಪರಿಚಯವಿಲ್ಲದ ಹೆಂಗಸೊಬ್ಬರ ಸಂಗವಾಗಿತ್ತು. ಕಾಂಡೋಮ್ ಬಳಸಿದ್ದರು. ಮೊದಲಿನಿಂದ ಕಡೆಯವರೆಗೂ ಇತ್ತು, ಹರಿದಿರಲಿಲ್ಲ, ಜಾರಿರಲಿಲ್ಲ. ಎರಡು ವಾರದ ಮೇಲೆ ಗಂಟಲು ನೋವು, ಸಣ್ಣಗೆ ಜ್ವರ. ಎಲ್ಲೋ ಓದಿದ್ದು ನೆನಪಿಗೆ ಬಂತು. ಅಲ್ಲಿಂದಾಚೆಗೆ ಅವರು ಮನೆಯಲ್ಲಿ ಬೇರೆ ತಟ್ಟೆ, ಬೇರೆ ಟವೆಲು ಇಟ್ಟುಕೊಂಡರು. ಕ್ಷೌರದ ಬ್ಲೇಡನ್ನು ನಾಲ್ಕು ಸುತ್ತು ಕಾಗದದಲ್ಲಿ ಸುತ್ತಿ ಊರಾಚೆ ಎಸೆದು ಬರುತ್ತಿದ್ದರು. ಹೆರಿಗೆಗೆ ಬಂದಿದ್ದ ಅಕ್ಕನ ಕೂಸನ್ನು ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಬಂದ ಎರಡು ಒಳ್ಳೆಯ ಸಂಬಂಧಗಳನ್ನು ಕಾರಣ ಹೇಳದೆ ಬೇಡವೆಂದರು. ಪಾಪ, ತಾಯಿ ಮಗನ ಜಾತಕ ಹಿಡಿದು ಜೋಯಿಸರ ಮನೆಗೆ ಅಲೆಯುತ್ತಿದ್ದರಂತೆ.

ಇಂಥವರು ಒಬ್ಬರಿಬ್ಬರಲ್ಲ. ಚರ್ಮ ಮತ್ತು ಗುಹ್ಯರೋಗಗಳ ವೈದ್ಯನಾದ ಯಾವನೂ ಇವರನ್ನು ಕಾಣದೆ ಇರಲಾರ. ಭಯವೂ ಹೊಸತಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ವರ್ಣಿಸಿದ ಫಿರಂಗರೋಗ, ನಮ್ಮ ಆಡುಮಾತಿನ ಪರಂಗಿ ಹುಣ್ಣು, ಅಂದರೆ ಸಿಫಿಲಿಸ್, ಇದೇ ಬಗೆಯ ಭೀತಿಯನ್ನು ಹುಟ್ಟಿಸುತ್ತಿತ್ತು. ರೋಗವಿಲ್ಲದೆಯೂ ರೋಗವಿದೆಯೆಂದು ನಂಬಿ ಕೊರಗುವವರ ಸ್ಥಿತಿಗೆ ಯುರೋಪಿನ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಸಿಫಿಲಿಸ್‌ಭೀತಿ ಎಂದು ಹೆಸರಿಟ್ಟಿದ್ದರು. 1906ರಲ್ಲಿ ವಾಸರ್‌ಮನ್ ಎಂಬ ಜರ್ಮನ್ ವಿಜ್ಞಾನಿ ಅದಕ್ಕೆ ರಕ್ತಪರೀಕ್ಷೆಯನ್ನು ಕಂಡುಹಿಡಿದ ಮೇಲೂ ಆ ಭೀತಿ ಅಳಿಯಲಿಲ್ಲ. ಪೆನಿಸಿಲಿನ್ ಬಂದ ಮೇಲೆ ಜನ ಅದನ್ನು ಮರೆತರು. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ತರುಣರ ವಿಚಿತ್ರ ಕಾಯಿಲೆಯ ವರದಿ ಪ್ರಕಟವಾಯಿತಲ್ಲ, ಆಗ ಹಳೆಯ ಭೀತಿ ಹೊಸ ಹೆಸರಿನಲ್ಲಿ ಮರಳಿತು.

ಇರಲಿ. ಭಯವನ್ನು ಬೈದು ಓಡಿಸಲಾಗುವುದಿಲ್ಲ. ಅದು ಯಾವ ಲೆಕ್ಕದ ಮೇಲೆ ನಿಂತಿದೆಯೆಂಬುದನ್ನು ನೋಡಬೇಕು.

ಈ ವೈರಸ್ಸು ರಕ್ತ, ವೀರ್ಯ, ಜನನಾಂಗದ ಹಾಗೂ ಗುದದ್ವಾರದ ಸ್ರಾವ, ಎದೆಹಾಲು, ಇವುಗಳ ಮೂಲಕವಷ್ಟೇ ದಾಟುತ್ತದೆ. ದೇಹದಿಂದ ಹೊರಬಿದ್ದರೆ ಬಲುಬೇಗ ಸತ್ತ್ವ ಕಳೆದುಕೊಳ್ಳುವ ಅಶಕ್ತ ಜೀವಿ ಅದು. ತಟ್ಟೆ, ಟವೆಲು, ಸೊಳ್ಳೆ, ಬೆವರು, ಮುತ್ತು, ಕೂಸನ್ನೆತ್ತಿಕೊಂಡ ಕೈ, ಇವು ಅದರ ದಾರಿಗಳಲ್ಲ. ದಾರಿಯಾದ ಸಂಭೋಗದಲ್ಲಿಯೂ ಅದು ಜನ ತಿಳಿದುಕೊಂಡಿರುವಷ್ಟು ಸುಲಭವಾಗಿ ದಾಟುವುದಿಲ್ಲ. ಸೋಂಕಿದ್ದು ಚಿಕಿತ್ಸೆ ಪಡೆಯದ ಹೆಂಗಸಿನೊಡನೆ, ಯಾವ ರಕ್ಷಣೆಯೂ ಇಲ್ಲದೆ, ಗಂಡಸೊಬ್ಬ ಸಾಮಾನ್ಯ ರೀತಿಯ ಸಂಭೋಗ ನಡೆಸಿದರೆ ಅಪಾಯ ಹತ್ತು ಸಾವಿರ ಸಲಕ್ಕೆ ಸುಮಾರು 4. ಸೋಂಕಿರುವ ಗಂಡಸಿನಿಂದ ಹೆಣ್ಣಿಗೆ ಸುಮಾರು 8. ಗುದಸಂಭೋಗದಲ್ಲಿ ಸ್ವೀಕರಿಸುವವರಿಗೆ ಇದು 138ರಷ್ಟಾಗುತ್ತದೆ. ಅದು ನಿಜಕ್ಕೂ ಹೆಚ್ಚು. ಇವು ಸರಾಸರಿ ಲೆಕ್ಕಗಳು. ಜನನಾಂಗದಲ್ಲಿ ಹುಣ್ಣಿದ್ದರೆ, ಅಥವಾ ಎದುರಿನವರಿಗೆ ಸೋಂಕು ಆಗತಾನೆ ತಗುಲಿದ್ದರೆ ಅಪಾಯ ಏರುತ್ತದೆ.

ಈಗ ಕಾಂಡೋಮಿನ ಮಾತು. ನಮ್ಮ ಹಿರಿಯರಿಗೆ ಇದು ನಿರೋಧ್ ಎಂಬ ಹೆಸರಿನಿಂದ ಪರಿಚಿತ. 1968ರಲ್ಲಿ ಸರ್ಕಾರ ಅದನ್ನು ಮೂರಕ್ಕೆ 15 ಪೈಸೆಯಂತೆ ಬೀಡಾ ಅಂಗಡಿಗಳಿಗೂ ಮುಟ್ಟಿಸಿತು. ಆಗ ಉದ್ದೇಶ ಸಂತಾನ ನಿಯಂತ್ರಣ ಮಾತ್ರ; ಇಂಥದೊಂದು ವೈರಸ್ಸನ್ನು ತಡೆಯುವ ಕೆಲಸವೂ ಅದರ ಪಾಲಿಗೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು? "ರಬ್ಬರಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವಂತೆ, ವೈರಸ್ಸು ಅದಕ್ಕಿಂತ ಚಿಕ್ಕದಂತೆ" ಎಂಬ ಮಾತನ್ನು ಆ ತರುಣರೂ ಕೇಳಿದ್ದರು. ಕಾರ್ಖಾನೆಯಲ್ಲಿ ಒಂದೊಂದನ್ನೂ ವಿದ್ಯುತ್ತು ಹಾಯಿಸಿ ರಂಧ್ರವಿದೆಯೇ ಎಂದು ನೋಡುತ್ತಾರೆ. ಪ್ರತಿ ಕಂತಿನಿಂದಲೂ ಕೆಲವನ್ನು ತೆಗೆದು ನೀರು ತುಂಬಿ, ಗಾಳಿ ಊದಿ ಪರೀಕ್ಷಿಸುತ್ತಾರೆ. ಹರಿಯದ ಲೇಟೆಕ್ಸ್ ರಬ್ಬರನ್ನು ವೈರಸ್ಸು ದಾಟುವುದಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಜೀವನದಿಂದಲೇ ಬಂದದ್ದು. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ಜೋಡಿಗಳನ್ನು ಯುರೋಪಿನ ವೈದ್ಯರು ಹಲವು ವರ್ಷ ಗಮನಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿಸಲವೂ ತಪ್ಪದೆ ಕಾಂಡೋಮ್ ಬಳಸಿದ ಜೋಡಿಗಳು 124. ಅವರ ನಡುವೆ ನಡೆದ ಸಂಭೋಗಗಳು ಸುಮಾರು 15,000. ಹೊಸದಾಗಿ ಸೋಂಕು ತಗುಲಿದವರು ಒಬ್ಬರೂ ಇಲ್ಲ. ಒಮ್ಮೆ ಬಳಸಿ ಒಮ್ಮೆ ಬಿಡುತ್ತಿದ್ದ 121 ಜೋಡಿಗಳಲ್ಲಿ 12 ಮಂದಿಗೆ ತಗುಲಿತು. ಇತರ ಅಧ್ಯಯನಗಳನ್ನೂ ಕೂಡಿಸಿ ನೋಡಿದವರು ಕಾಂಡೋಮಿನಿಂದ ಅಪಾಯ ನೂರಕ್ಕೆ ಸುಮಾರು 80 ಭಾಗ ತಗ್ಗುತ್ತದೆಂದು ಬರೆದಿದ್ದಾರೆ. ಉಳಿದ 20 ಭಾಗವನ್ನೇ ಹಿಡಿದು ಹೆದರುವವರಿದ್ದಾರೆ. ಅದು ರಬ್ಬರಿನೊಳಗಿಂದ ಸೋರಿದ ಪಾಲಲ್ಲ. ಹರಿದದ್ದು, ಜಾರಿದ್ದು, ತಡವಾಗಿ ಹಾಕಿಕೊಂಡದ್ದು, ಹಾಕದೆಯೂ ಹಾಕಿದೆನೆಂದು ಹೇಳಿದ್ದು, ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ.

ಆ ಸಂಜೆ ನಾವಿಬ್ಬರೂ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದೆವು. ನಮ್ಮ ದೇಶದ ವಯಸ್ಕರಲ್ಲಿ ಸೋಂಕಿರುವವರು ನೂರಕ್ಕೆ 0.2ರಷ್ಟು, ಅಂದರೆ ಸಾವಿರಕ್ಕೆ ಇಬ್ಬರು. ಆ ಹೆಂಗಸಿನ ವಿಷಯದಲ್ಲಿ ಅದನ್ನು ಸಾಕಷ್ಟು ಹಿಗ್ಗಿಸಿ, ನೂರಕ್ಕೆ 5 ಎಂದೇ ಇಟ್ಟುಕೊಂಡೆವು. ಕಾಂಡೋಮ್ ಇಲ್ಲದಿದ್ದರೂ ಅಪಾಯ ಐವತ್ತು ಸಾವಿರಕ್ಕೆ ಒಂದು. ಕಾಂಡೋಮಿನ 80 ಭಾಗವನ್ನು ಕಳೆದರೆ ಎರಡೂವರೆ ಲಕ್ಷಕ್ಕೆ ಒಂದು. ಹರಿಯದೆ ಇದ್ದುದನ್ನು ಕಣ್ಣಾರೆ ಕಂಡಿದ್ದರಿಂದ ಅದಕ್ಕಿಂತಲೂ ಎಷ್ಟೋ ಕಡಿಮೆ. ಅವರು ಚೀಟಿಯನ್ನೇ ನೋಡುತ್ತ, "ಆದರೂ ಸೊನ್ನೆ ಅಲ್ಲವಲ್ಲ ಸಾರ್" ಎಂದರು.

ಸೊನ್ನೆ ಅಲ್ಲ, ನಿಜ. ಆದರೆ ಆ ಸಂಜೆ ನನ್ನ ಚಿಕಿತ್ಸಾಲಯಕ್ಕೆ ಅವರು ಬೈಕಿನಲ್ಲಿ, ಶಿರಸ್ತ್ರಾಣವಿಲ್ಲದೆ ಬಂದಿದ್ದರು. ಆ ಅಪಾಯ ಅವರ ಮನಸ್ಸಿಗೆ ಹೊಳೆದೇ ಇರಲಿಲ್ಲ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಅಂದು ಕಾಂಡೋಮನ್ನು ಕೈಗಿತ್ತವರು ಆ ಹೆಂಗಸೇ. ಇಲ್ಲದಿದ್ದರೆ ಆಗದೆಂದು ಹಟ ಹಿಡಿದವರೂ ಆಕೆಯೇ. ಹದಿನಾಲ್ಕು ತಿಂಗಳು ಆಕೆಯನ್ನು ರೋಗದ ಮೂಟೆಯೆಂದು ಭಾವಿಸಿ ನಡುಗಿದ ಈ ತರುಣರಿಗೆ, ತನ್ನನ್ನು ಕಾಯ್ದವರು ಆಕೆ ಎಂಬುದು ಒಮ್ಮೆಯೂ ತೋಚಿರಲಿಲ್ಲ. ಮೈಸೂರಿನ ಆಶೋದಯ ಸಮಿತಿಯಂಥ ಲೈಂಗಿಕ ವೃತ್ತಿಯಲ್ಲಿರುವವರದೇ ಸಂಘಟನೆಗಳು ಇಂಥ ಹಟವನ್ನು ಒಂದು ಶಿಸ್ತಾಗಿ ಬೆಳೆಸಿದವು. ಕರ್ನಾಟಕದಲ್ಲಿ ಹೊಸ ಸೋಂಕುಗಳು ಇಳಿಮುಖವಾದದ್ದರಲ್ಲಿ ಈ ಹೆಂಗಸರ ಪಾಲು ದೊಡ್ಡದು. ಅದನ್ನು ನಾವು ಸಾಕಷ್ಟು ಹೇಳಿಲ್ಲ.

ಪರೀಕ್ಷೆ ಎಂದರೇನು? ರಕ್ತದಲ್ಲಿ ವೈರಸ್ಸನ್ನು ನೇರವಾಗಿ ಹಿಡಿಯುವುದು ಎಂದು ಹಲವರು ಭಾವಿಸಿದ್ದಾರೆ. ಸಾಮಾನ್ಯವಾಗಿ ಪರೀಕ್ಷೆ ಹುಡುಕುವುದು ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಕಳ್ಳನನ್ನಲ್ಲ, ಕಳ್ಳನನ್ನು ಕಂಡು ಹೊರಟ ಪೊಲೀಸರನ್ನು. 1985ರಲ್ಲಿ ಇಂಥ ಮೊದಲ ಪರೀಕ್ಷೆ ಅಮೆರಿಕದಲ್ಲಿ ಬಳಕೆಗೆ ಬಂತು. ಮರುವರ್ಷವೇ, 1986ರಲ್ಲಿ, ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ನಿರ್ಮಲಾ ಅವರೂ ಭಾರತದಲ್ಲಿ ಈ ಸೋಂಕು ಇದೆಯೆಂಬುದನ್ನು ಮೊತ್ತಮೊದಲು ತೋರಿಸಿದರು. ಮದರಾಸಿನಲ್ಲಿ ಪರೀಕ್ಷೆಯ ಅನುಕೂಲವಿರಲಿಲ್ಲ. ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳನ್ನು ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು, ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಅಲ್ಲಿ ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು. ನಮ್ಮ ದೇಶಕ್ಕೆ ಈ ರೋಗ ಬರಲಾರದೆಂದು ಅಲ್ಲಿಯವರೆಗೆ ದೊಡ್ಡದೊಡ್ಡವರೆಲ್ಲ ನಂಬಿದ್ದರು.

ಪೊಲೀಸರು ಹೊರಡುವುದಕ್ಕೆ ಸಮಯ ಬೇಕಲ್ಲವೆ? ಸೋಂಕು ತಗುಲಿದ ದಿನದಿಂದ ಪರೀಕ್ಷೆಗೆ ಸಿಕ್ಕುವ ದಿನದವರೆಗಿನ ಈ ಅಂತರದಲ್ಲಿಯೇ ಎಲ್ಲ ಕಳವಳವೂ ಮನೆ ಮಾಡಿರುವುದು. ಬೆರಳು ಚುಚ್ಚಿ ಮಾಡುವ, ಪ್ರತಿಕಾಯವನ್ನಷ್ಟೇ ನೋಡುವ ಶೀಘ್ರಪರೀಕ್ಷೆಗೆ 90 ದಿನದವರೆಗೆ ಕಾಯಬೇಕು. ಪ್ರತಿಕಾಯದ ಜತೆಗೆ ಪಿ-24 ಎಂಬ ವೈರಸ್ಸಿನದೇ ಪ್ರೋಟೀನನ್ನೂ ಹುಡುಕುವ, ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆ 18ರಿಂದ 45 ದಿನಗಳೊಳಗೆ ಸೋಂಕನ್ನು ಹಿಡಿಯುತ್ತದೆ. ಆಮೇಲೆ ಹೊಸದಾಗಿ ಅಪಾಯಕ್ಕೆ ಒಡ್ಡಿಕೊಳ್ಳದಿದ್ದರೆ, ಆ ಅವಧಿ ಕಳೆದ ಮೇಲೆ ಬಂದ "ಇಲ್ಲ" ಎಂಬ ಉತ್ತರ ಇಲ್ಲವೆಂದೇ. ವರ್ಷ ಕಾಯುವುದು, ಆರಾರು ತಿಂಗಳಿಗೆ ನೋಡಿಸುವುದು, ಇವೆಲ್ಲ ಹಳೆಯ ಪರೀಕ್ಷೆಗಳ ಕಾಲದ ಮಾತು. ನಮ್ಮ ತರುಣರ ಮೊದಲಿನ ಎರಡು ವರದಿಗಳು ಮೂರನೆಯ ದಿನದ್ದು ಮತ್ತು ಹತ್ತನೆಯ ದಿನದ್ದು. ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ. ನಾಲ್ಕನೆಯದು ಮೂರು ತಿಂಗಳು ದಾಟಿದ ಮೇಲಿನದು. ಅಲ್ಲಿಗೆ ಮುಗಿದಿತ್ತು. ಮಿಕ್ಕ ಐದೂ ವ್ಯರ್ಥ.

ವ್ಯರ್ಥ ಮಾತ್ರವೇ ಆಗಿದ್ದರೆ ಚಿಂತೆಯಿರಲಿಲ್ಲ. ಅತಿಪರೀಕ್ಷೆಗೆ ತನ್ನದೇ ಅಪಾಯವಿದೆ. ಸೋಂಕಿಲ್ಲದ ಸಾವಿರ ಮಂದಿಯಲ್ಲಿ ಐವರನ್ನು ಮಾತ್ರ ತಪ್ಪಾಗಿ ಹಿಡಿಯುವ ಒಳ್ಳೆಯ ಪರೀಕ್ಷೆಯೊಂದಿದೆ ಎಂದಿಟ್ಟುಕೊಳ್ಳಿ. ಸಾವಿರಕ್ಕೆ ಇಬ್ಬರಂತೆ ಸೋಂಕಿರುವ ಹತ್ತು ಸಾವಿರ ಜನರ ಊರಿಗೆ ಅದನ್ನು ಮಾಡಿದರೆ, ನಿಜವಾಗಿ ಸೋಂಕಿರುವ 20 ಮಂದಿಯ ಜತೆಗೆ ಸೋಂಕಿಲ್ಲದ ಸುಮಾರು 50 ಮಂದಿಯೂ ಸಿಕ್ಕಿಬೀಳುತ್ತಾರೆ. ಈ ಕಾರಣದಿಂದಲೇ ನಮ್ಮ ದೇಶದ ಸರ್ಕಾರಿ ಕೇಂದ್ರಗಳಲ್ಲಿ, ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಕಂಡರೆ ಬೇರೆ ಬೇರೆ ತತ್ತ್ವದ ಇನ್ನೂ ಎರಡು ಪರೀಕ್ಷೆಗಳನ್ನು ಮಾಡಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಸೋಂಕಿದೆ ಎಂದು ಬರೆದುಕೊಡುತ್ತಾರೆ. ಯಾವುದೋ ಪ್ರಯೋಗಾಲಯದ ಒಂಟಿ ಚೀಟಿಯನ್ನು ನೋಡಿ ಬಾವಿಯ ಕಡೆ ನಡೆದವರ ಸುದ್ದಿಯನ್ನು ನಾನು ಕೇಳಿದ್ದೇನೆ. ಹಾಗಾಗಬಾರದು ಎಂದೇ ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಿದೆ.

ಇಷ್ಟೆಲ್ಲ ತಿಳಿದರೂ ಭಯ ಏಕೆ ಹೋಗುವುದಿಲ್ಲ? ಇದು ತಿಳಿವಳಿಕೆಯ ಕೊರತೆಯಲ್ಲ. ನಮ್ಮ ತರುಣರಿಗೆ ಈ ಅಂಕಿಅಂಶಗಳಲ್ಲಿ ಬಹುಪಾಲು ನನಗಿಂತ ಚೆನ್ನಾಗಿ ಗೊತ್ತಿತ್ತು! ಕಜ್ಜಿಯನ್ನು ಕೆರೆದುಕೊಂಡಂತೆ ಇದು. ಕೆರೆದಾಗ ಕ್ಷಣಮಾತ್ರ ಸುಖ. ಮತ್ತೆ ತುರಿಕೆ, ಮೊದಲಿಗಿಂತ ಹೆಚ್ಚು. ಒಂದೊಂದು ವರದಿಯೂ ಅವರಿಗೆ ಎರಡು ದಿನದ ನಿದ್ದೆ ಕೊಡುತ್ತಿತ್ತು. ಮೂರನೆಯ ದಿನ, ಸೂಜಿ ಹೊಸದಾಗಿತ್ತೆ, ಸೀಸೆ ಅದಲುಬದಲಾಯಿತೆ ಎಂಬ ಹೊಸ ಶಂಕೆ. ಮನೋವೈದ್ಯರು ಇದನ್ನು ಗೀಳುರೋಗದ ಗುಂಪಿನಲ್ಲಿಯೋ ಆರೋಗ್ಯದ ಆತಂಕದ ಗುಂಪಿನಲ್ಲಿಯೋ ಸೇರಿಸುತ್ತಾರೆ. ಆತಂಕ ದೇಹವನ್ನೂ ಬಿಡುವುದಿಲ್ಲ: ಹಸಿವು ಕೆಡುತ್ತದೆ, ತೂಕ ಇಳಿಯುತ್ತದೆ, ಭೇದಿಯಾಗುತ್ತದೆ, ರಾತ್ರಿ ಬೆವರುತ್ತದೆ. ಇವೆಲ್ಲ ಏಡ್ಸ್‌ನ ಲಕ್ಷಣಗಳ ಪಟ್ಟಿಯಲ್ಲಿಯೂ ಇರುವುದರಿಂದ ರೋಗಿಗೆ ಇನ್ನಷ್ಟು ಖಾತರಿಯಾಗುತ್ತದೆ. ಲಕ್ಷಣ ನೋಡಿ ಈ ಸೋಂಕನ್ನು ಹೇಳಲು ಯಾರಿಂದಲೂ ಆಗದು. ಎರಡು ಮೂರು ವಾರದ ಮೇಲಿನ ಗಂಟಲು ನೋವು ಬಹುಮಟ್ಟಿಗೆ ಗಂಟಲು ನೋವಷ್ಟೆ.

ಇದರ ಬೇರಿನಲ್ಲಿ ಹಲವು ಸಲ ಇರುವುದು ಪಾಪಭೀತಿ. ಮಾಡಬಾರದ್ದನ್ನು ಮಾಡಿದೆ, ಶಿಕ್ಷೆ ಬಂದೇ ಬರಬೇಕು. ಬರಲಿಲ್ಲವೆಂದರೆ ಎಲ್ಲೋ ಅಡಗಿ ಕುಳಿತಿರಬೇಕು ಎಂಬ ತರ್ಕ. ಅವರು ಅಂದು ಮಾಡಿದ್ದು ಸರಿಯೋ ತಪ್ಪೋ ಎಂಬುದು ಅವರವರ ಮನಸ್ಸಾಕ್ಷಿಯ ಮಾತು. ಅದಕ್ಕೆ ರಕ್ತಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ. ಒಂಬತ್ತು ಸಲ ಕೇಳಿದರೂ ಸಿಗುವುದಿಲ್ಲ.

ನನ್ನ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥವರು ಬಂದರೆ "ಸಮಾಧಾನಕ್ಕೆ ಇನ್ನೊಂದು ಸಲ ಮಾಡಿಸಿಬಿಡಿ" ಎಂದು ಚೀಟಿ ಬರೆದುಕೊಡುತ್ತಿದ್ದೆ. ಎರಡು ನಿಮಿಷದ ಕೆಲಸ, ರೋಗಿಗೂ ತೃಪ್ತಿ. ಅದು ಕೆರೆಯುವುದಕ್ಕೆ ಕಡ್ಡಿ ಕೊಟ್ಟ ಹಾಗೆ ಎಂದು ತಿಳಿಯುವ ಹೊತ್ತಿಗೆ ಎಷ್ಟು ಮಂದಿಗೆ ಕಡ್ಡಿ ಕೊಟ್ಟಿದ್ದೆನೋ! ಈ ತರುಣರಿಗೆ ಹತ್ತನೆಯ ಪರೀಕ್ಷೆ ಬರೆದುಕೊಡಲಿಲ್ಲ. ಮನೋವೈದ್ಯರೊಬ್ಬರ ಬಳಿಗೆ ಕಳಿಸಿದೆ. ಮೊದಲಿಗೆ ಅವರಿಗೆ ಸಿಟ್ಟು ಬಂತು: "ನನಗೆ ಹುಚ್ಚು ಎನ್ನುತ್ತೀರಾ?" ಹುಚ್ಚಲ್ಲ, ಅಭ್ಯಾಸ ಎಂದೆ. ಅಲ್ಲಿ ಕಲಿಸುವುದು ಮುಖ್ಯವಾಗಿ ಇಷ್ಟನ್ನೇ: ಶಂಕೆ ಬಂದಾಗ ಅದನ್ನು ಪರೀಕ್ಷೆಯಿಂದಲೋ, ಇನ್ನೊಬ್ಬರನ್ನು ಕೇಳುವುದರಿಂದಲೋ ತಣಿಸದೆ, ತಾನಾಗಿ ಇಳಿಯುವವರೆಗೆ ಜತೆಯಲ್ಲಿ ಕುಳಿತಿರುವುದು. ಬೇಕಾದವರಿಗೆ ಔಷಧಿಯೂ ಉಂಟು. ಮೊದಲ ಪಾಠವಾಗಿ ಅವರಿಗೆ ಬಂದ ಅಪ್ಪಣೆ, ಅಕ್ಕನ ಕೂಸನ್ನು ದಿನಕ್ಕೊಮ್ಮೆ ಎತ್ತಿಕೊಳ್ಳಬೇಕೆಂಬುದು.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅಪಾಯವಾಗಿರಬಹುದಾದವರು ತಕ್ಕ ಕಾಲಕ್ಕೆ ಒಮ್ಮೆ ಮಾಡಿಸಲೇಬೇಕು. ಮಾಡಿಸಬೇಕಾದ ಎಷ್ಟೋ ಮಂದಿ ಮಾಡಿಸದೆ ಇರುವುದು ಇನ್ನೊಂದು ದುಃಖ. ಜತೆಗೆ ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಮಾಡಿಸುವುದು ಲೇಸು. ಚರ್ಮದ ಸ್ಪರ್ಶದಿಂದ ಹರಡುವ ಸಿಫಿಲಿಸ್, ಹರ್ಪಿಸ್‌ಗಳನ್ನು ಕಾಂಡೋಮ್ ಅಷ್ಟು ಪೂರ್ತಿಯಾಗಿ ತಡೆಯಲಾರದು. ಕಾಂಡೋಮ್ ಹರಿದೇ ಹೋಯಿತು, ಎದುರಿನವರಿಗೆ ಸೋಂಕಿರುವ ಸಂಭವವುಂಟು ಎನ್ನುವಾಗ ಕಾಯುತ್ತ ಕೂರಬಾರದು. 72 ಗಂಟೆಗಳೊಳಗೆ, ಬೇಗ ಆದಷ್ಟೂ ಒಳ್ಳೆಯದು, ವೈದ್ಯರನ್ನು ಕಂಡರೆ 28 ದಿನ ನುಂಗುವ ಮಾತ್ರೆಗಳಿವೆ. ಅವು ಸೋಂಕು ಬೇರೂರದಂತೆ ತಡೆಯಬಲ್ಲವು. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ ತಾನೆ? ಲೇಟೆಕ್ಸ್ ಕಾಂಡೋಮಿಗೆ ಅದು ತಗುಲಿದರೆ ರಬ್ಬರು ನಿಮಿಷಗಳಲ್ಲಿಯೇ ದುರ್ಬಲವಾಗುತ್ತದೆ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿರುಗುವುದೂ ಸಲ್ಲದು.

ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. 2017ರ ಕಾನೂನು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಫಲಿತಾಂಶವನ್ನು ಬಯಲು ಮಾಡುವುದನ್ನೂ ನಿಷೇಧಿಸಿದೆ. ಸುಳ್ಳು ಹೆಸರು ಬರೆಸಬೇಕಾದ್ದಿಲ್ಲ. ಹಣ ಖರ್ಚಿಲ್ಲದೆ ಫೋನಿನಲ್ಲಿ ಮಾತನಾಡಬಯಸುವವರಿಗೆ 1097 ಎಂಬ ಸಂಖ್ಯೆಯಿದೆ.

ಒಂದು ವೇಳೆ ಸೋಂಕು ಇದ್ದರೆ? ಈ ಪ್ರಶ್ನೆಯನ್ನು ಭಯಗ್ರಸ್ತರು ಎಂದೂ ಪೂರ್ತಿ ಕೇಳುವುದಿಲ್ಲ. ಅರ್ಧಕ್ಕೇ ಕಣ್ಣು ಮುಚ್ಚುತ್ತಾರೆ. 2004ರ ಏಪ್ರಿಲ್‌ನಿಂದ ನಮ್ಮ ಸರ್ಕಾರ ಚಿಕಿತ್ಸೆಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಮಾತ್ರೆ ತಪ್ಪಿಸದವರು ಮಿಕ್ಕವರಂತೆಯೇ ಬದುಕುತ್ತಾರೆ. ರಕ್ತದಲ್ಲಿ ವೈರಸ್ಸು ಅಳತೆಗೆ ಸಿಗದಷ್ಟು ಇಳಿದವರಿಂದ ಸಂಭೋಗದ ಮೂಲಕ ಸೋಂಕು ದಾಟುವುದಿಲ್ಲ. 2016ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಇಂಥ 888 ಜೋಡಿಗಳ ನಡುವೆ ಕಾಂಡೋಮ್ ಇಲ್ಲದೆ ನಡೆದ ಸುಮಾರು 58,000 ಸಂಭೋಗಗಳಲ್ಲಿ ಸಂಗಾತಿಯಿಂದ ಸಂಗಾತಿಗೆ ಒಮ್ಮೆಯೂ ಸೋಂಕು ದಾಟಲಿಲ್ಲ.

ನನ್ನ ಬಳಿ ಚರ್ಮದ ತೊಂದರೆಗೆಂದು ಬರುತ್ತಿದ್ದ ಉತ್ತರ ಕರ್ನಾಟಕದ ತಾಯಿಯೊಬ್ಬರಿದ್ದಾರೆ. ಗಂಡನಿಂದ ಬಂದ ಸೋಂಕು. ಗಂಡ ತೀರಿಕೊಂಡು ವರ್ಷಗಳಾದವು. ಮಾತ್ರೆ ನುಂಗುತ್ತ, ಹೊಲಿಗೆ ಹಾಕುತ್ತ ಮಗಳ ಮದುವೆ ಮಾಡಿದರು. ನನ್ನ ಕೋಣೆಯ ಗೋಡೆಯ ಮೇಲೆ ಬಹಳ ಹಳೆಯ ಭಿತ್ತಿಪತ್ರವೊಂದಿತ್ತು. ಏಡ್ಸ್ ಎಂದು ದಪ್ಪಕ್ಷರ, ಕೆಳಗೊಂದು ತಲೆಬುರುಡೆ. ಯಾವಾಗಲೋ ಯಾರೋ ಕೊಟ್ಟದ್ದು, ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ಒಂದು ದಿನ ಅವರು ಅದರತ್ತ ಬೆರಳು ತೋರಿ, "ಡಾಕ್ಟರ್ರ, ಆ ಚಿತ್ರದಾಗ ಇರೂದು ನಾನೇನ್ರಿ?" ಎಂದು ಕೇಳಿದರು. ಅವರು ಹೋದ ಮೇಲೆ ಅದನ್ನು ಕಿತ್ತು ತೆಗೆದೆ. ಆ ತರುಣರಂಥವರ ಎದೆಯೊಳಗೆ ಆ ಬುರುಡೆಯನ್ನು ಅಂಟಿಸಿದವರಲ್ಲಿ ನಾವೂ ಇದ್ದೇವೆ.

ತರುಣರು ಸುಮಾರು ಏಳು ತಿಂಗಳ ಮೇಲೆ ಮತ್ತೆ ಬಂದರು, ತಾಯಿಯ ಕಾಲಿನ ಇಸುಬು ತೋರಿಸುವುದಕ್ಕೆ. ತಾಯಿಯೇ ಮಾತನಾಡಿದರು, ಮಗ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಹೊರಡುವಾಗ ತಾಯಿಯನ್ನು ಮುಂದೆ ಬಿಟ್ಟು ಬಾಗಿಲ ಬಳಿ ನಿಂತು, "ಸಾರ್, ಒಂದೇ ಒಂದು ಪ್ರಶ್ನೆ" ಎಂದರು. ನಾನು ಉತ್ತರ ಕೊಡಲಿಲ್ಲ; ಹಾಗೆಂದು ಮನೋವೈದ್ಯರೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು. ಅವರು ಒಂದು ಗಳಿಗೆ ನಿಂತಿದ್ದು, ತುಸು ನಕ್ಕು, ತಾಯಿಯ ಔಷಧಿ ಚೀಟಿಯನ್ನು ಜೇಬಿಗಿಟ್ಟುಕೊಂಡು ಹೊರಟುಹೋದರು.